ಗಾಳ ಹಿಡಿದ ಚಕ್ರವರ್ತಿ

ಮೊದಲೇ ಹೇಳಿಬಿಡ್ತೀವಿ, ನಮಗೆ ಮೀನು ಹಿಡಿಯೋಕೆ ಬರಲ್ಲ. ಆದರೂ ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಗಾಳ ಹಾಕೋಕೆ ಅಂತಲೇ ಹೋದೆವು. ನಮ್ಮಲ್ಲೊಬ್ಬನ ಅಜ್ಜಿ ಮನೆ ಆ ಕಡೆ ಇದೆ. ಮೊಬೈಲಲ್ಲಿ ಫ್ಲೈ ಫಿಶಿಂಗ್ ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿತ್ತು. ಹುಂಜದ ಗರಿ, ತೆಂಗಿನ ನಾರು, ಅಜ್ಜಿಯ ಹೊಲಿಗೆ ಡಬ್ಬಿಯ ದಾರ, ಇಷ್ಟನ್ನೂ ಗಾಳದ ಮುಳ್ಳಿಗೆ ಸುತ್ತಿ ಒಂದು ಹುಸಿ ನೊಣ ಕಟ್ಟಿದೆವು. ಮುಳ್ಳು ಅಲುಗಾಡದ ಹಾಗೆ ಹಿಡಿಯೋಕೆ ಕಟಿಂಗ್ ಪ್ಲೇಯರ್‌ನ ಹಿಡಿಗೆ ರಬ್ಬರ್ ಬ್ಯಾಂಡ್ ಬಿಗಿದೆವು. ಇಂಜಿನಿಯರಿಂಗ್ ಅಂದರೆ ಇದೇ ತಾನೇ!

ಕೆರೆ ಏರಿ ಮೇಲೆ ನಿಂತು ಬೀಸಿದೆವು. ಮೊದಲನೇ ಸಲ ಸಿಕ್ಕಿದ್ದು ತೆಂಗಿನ ಗರಿ. ಎರಡನೇ ಸಲ ಗೆಳೆಯನ ಟೀ ಶರ್ಟು. ಮೀನಿಗೆ ನಿಮಗಿಂತ ಬುದ್ಧಿ ಜಾಸ್ತಿ ಕಣ್ರೋ ಅಂತ ಅಜ್ಜಿ ನಕ್ಕರು.

ಆ ರಾತ್ರಿ ಮೀನು ಹಿಡಿಯೋದನ್ನ ಕನ್ನಡ ನಾಡಿನಲ್ಲಿ ಯಾರಾದ್ರೂ ಬರೆದಿಟ್ಟಿದ್ದಾರಾ ಅಂತ ಹುಡುಕಿದೆವು. ಸಿಕ್ಕವನು ಒಬ್ಬ ಚಕ್ರವರ್ತಿ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ. ಹೈಸ್ಕೂಲಿನ ಹಿಸ್ಟರಿ ಪುಸ್ತಕದಲ್ಲಿ ಅವನಿಗೆ ಸಿಗೋದು ಒಂದೇ ಸಾಲು. ಆ ಸಾಲಿನ ಹಿಂದೆ ಎಂಥಾ ಮನುಷ್ಯ ಇದ್ದ ಅಂತ ನಮಗೆ ಯಾರೂ ಹೇಳಿರಲಿಲ್ಲ.

ಸೋಮೇಶ್ವರನ ಮೊದಲ ತೊಂದರೆ ಅವನ ಅಪ್ಪ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು 1126ರವರೆಗೆ, ಅಂದರೆ ಐವತ್ತು ವರ್ಷ ಆಳಿದವನು. ತನ್ನ ಹೆಸರಲ್ಲೇ ಹೊಸ ಶಕೆ ಶುರು ಮಾಡಿದವನು. ಅವನ ಬಗ್ಗೆ ಕಾಶ್ಮೀರದಿಂದ ಬಂದ ಬಿಲ್ಹಣ ಕಾವ್ಯ ಬರೆದ. ಅವನ ಆಸ್ಥಾನದಲ್ಲೇ ವಿಜ್ಞಾನೇಶ್ವರ ಮಿತಾಕ್ಷರಾ ಬರೆದ. ಇಂಥ ಅಪ್ಪನ ನಂತರ ಸಿಂಹಾಸನದಲ್ಲಿ ಕೂರೋದು ಅಂದರೆ, ರ‍್ಯಾಂಕ್ ಬಂದ ಅಣ್ಣ ಓದಿದ ಕಾಲೇಜಿಗೇ ಸೇರಿದ ಹಾಗೆ. ಎಲ್ಲರೂ ಹೋಲಿಸುವವರೇ.

ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಹೆಸರಿಗೆ ಮಾತ್ರ ಸಾಮಂತ, ಮನಸ್ಸಿನಲ್ಲಿ ಆಗಲೇ ಸ್ವತಂತ್ರ. ಸೋಮೇಶ್ವರ ಸುಮಾರು ಹನ್ನೆರಡು ವರ್ಷ ಆಳಿ 1138ರ ಹೊತ್ತಿಗೆ ತೀರಿಕೊಂಡ. ರಾಜ್ಯ ಬಹುಮಟ್ಟಿಗೆ ಉಳಿದಿತ್ತು, ಆದರೆ ಗಂಟು ಸಡಿಲ ಆಗ್ತಾ ಇತ್ತು. ಮಗ ಜಗದೇಕಮಲ್ಲನ ಕಾಲ ಕಳೆದ ಮೇಲೆ ಕಳಚುರಿ ಬಿಜ್ಜಳ ಕಲ್ಯಾಣವನ್ನೇ ಕಸಿದುಕೊಂಡ.

ಹಾಗಾದರೆ ಈ ಹನ್ನೆರಡು ವರ್ಷದಲ್ಲಿ ಅವನು ಮಾಡಿದ್ದೇನು? ಬರೆದ. 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅನ್ನೋ ಮಹಾ ಪುಸ್ತಕ ಬರೆದ. ಅಭಿಲಷಿತಾರ್ಥ ಚಿಂತಾಮಣಿ ಅಂತಲೂ ಅದಕ್ಕೆ ಹೆಸರು. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಐದು ಮಾಡ್ಯೂಲ್, ಥೇಟ್ ನಮ್ಮ ವಿ.ಟಿ.ಯು. ಸಿಲಬಸ್! ರಾಜನೀತಿ, ವೈದ್ಯ, ಆನೆ, ಕುದುರೆ, ಚಿತ್ರಕಲೆ, ಸಂಗೀತ ಎಲ್ಲಾ ಇದೆ. ನಾವು ಕ್ಯಾಂಟೀನಲ್ಲಿ ತಿನ್ನೋ ಇಡ್ಲಿ, ದೋಸೆ, ವಡೆಗಳ ಪೂರ್ವಜರೂ ಅಲ್ಲಿದ್ದಾರೆ. ಜನ ಅವನನ್ನು ಸರ್ವಜ್ಞ ಚಕ್ರವರ್ತಿ ಅಂತ ಕರೆದದ್ದು ಸುಮ್ಮನೆ ಅಲ್ಲ.

ನಾಲ್ಕನೇ ಭಾಗ ವಿನೋದಗಳದ್ದು. ಅದರಲ್ಲಿ ಒಂದು ಮತ್ಸ್ಯವಿನೋದ. ಅಲ್ಲಿ ಸುಮಾರು 35 ಬಗೆಯ ಮೀನುಗಳ ಪಟ್ಟಿ ಇದೆ. ಸಮುದ್ರದ್ದು ಯಾವುದು, ಹೊಳೆಯದ್ದು ಯಾವುದು, ಹುರುಪೆ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ವಿಂಗಡಣೆ ಇದೆ. ಯಾವ ಮೀನಿಗೆ ಯಾವ ತಿಂಡಿ ಹಾಕಿ ಪಳಗಿಸಬೇಕು, ಆಮೇಲೆ ಗಾಳ ಹಾಕಿ ಹೇಗೆ ಹಿಡಿಯಬೇಕು ಅಂತ ಪಾಠ ಇದೆ. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾಗಿದ್ದು 1496ರಲ್ಲಿ. ಐಸಾಕ್ ವಾಲ್ಟನ್‌ನ ಹೆಸರುವಾಸಿ ಪುಸ್ತಕ ಬಂದಿದ್ದು 1653ರಲ್ಲಿ. ನಮ್ಮ ದೊರೆ ಇವರಿಗಿಂತ ಮುನ್ನೂರು, ಐನೂರು ವರ್ಷ ಸೀನಿಯರ್.

ಮಾರನೇ ದಿನ ದೊರೆಯ ಮಾತು ಕೇಳಿದೆವು. ಮೀನಿಗೆ ಮೊದಲು ಉಣ್ಣಿಸು, ಆಮೇಲೆ ಹಿಡಿ. ತಿಪಟೂರು ಸೀಮೆಯಲ್ಲಿ ಕೊಬ್ಬರಿ ಹಿಂಡಿಗೇನು ಬರವೇ? ಒಂದು ಉಂಡೆ ನೀರಿಗೆ ಹಾಕಿ, ಬಾಯಿ ಮುಚ್ಚಿಕೊಂಡು ಕೂತೆವು. ಹೊಸಬರಿಗೆ ನಮ್ಮ ಸಲಹೆಗಳೂ ಇಲ್ಲೇ ಇರಲಿ. ಕೆರೆಯ ಮೀನು ಹರಾಜಾಗಿರುತ್ತೆ, ಕೇಳದೆ ಗಾಳ ಹಾಕಬೇಡಿ. ಹುಸಿ ನೊಣಕ್ಕೆ ತೂಕವೇ ಇರಲ್ಲ, ಅದನ್ನು ದೂರ ಒಯ್ಯೋದು ದಪ್ಪ ದಾರದ ತೂಕ. ನಮ್ಮ ಹಾಗೆ ತೆಳು ನೈಲಾನ್ ದಾರ ಕಟ್ಟಿದರೆ ಅದು ನಿಮ್ಮ ಕಿವಿಗೇ ವಾಪಸ್ ಬರುತ್ತೆ. ಬೀಸುವ ಮುಂಚೆ ಹಿಂದೆ ನೋಡಿ, ತೆಂಗಿನ ಮರ ಜಾಗ ಬಿಡಲ್ಲ. ಗರಿ ಕಮ್ಮಿ ಸುತ್ತಿ, ನೊಣ ಕಟ್ಟಿ ಅಂದರೆ ಕೋಳಿ ಕಟ್ಟಬೇಡಿ. ಮುಳ್ಳಿನ ಒಳಕೊಕ್ಕೆಯನ್ನ ಪ್ಲೇಯರ್‌ನಲ್ಲಿ ಒತ್ತಿ ಚಪ್ಪಟೆ ಮಾಡಿ, ಮೀನನ್ನು ನೋಯಿಸದೆ ವಾಪಸ್ ಬಿಡಬಹುದು.

ಹನ್ನೊಂದು ಗಂಟೆಗೆ ಅಂಗೈ ಅಗಲದ ಒಂದು ಗೆಂಡೆ ಬಿತ್ತು. ನಾಲ್ಕು ಫೋಟೊ ತೆಗೆದು ಬಿಟ್ಟುಬಿಟ್ಟೆವು.

ಸಂಜೆ ಕಲ್ಲೇಶ್ವರ ದೇವಸ್ಥಾನಕ್ಕೆ ಹೋದೆವು. ಒಂಬತ್ತನೇ ಶತಮಾನದ್ದು. ಸೋಮೇಶ್ವರ ಪುಸ್ತಕ ಬರೆಯೋ ಕಾಲಕ್ಕೇ ಅದಕ್ಕೆ ಇನ್ನೂರು ವರ್ಷ ದಾಟಿತ್ತು. ಒಳಗೆ ಛಾವಣಿಯಲ್ಲಿ ಶಿವ ಕುಣೀತಾ ಇದ್ದಾನೆ, ಸುತ್ತ ಎಂಟು ದಿಕ್ಕಿನ ದೇವರುಗಳು. ಕತ್ತು ನೋಯೋ ತನಕ ನೋಡಿದೆವು. ಹೊರಗೆ ಬಂದು ಕೂತಾಗ ಜಗಳ ಶುರುವಾಯ್ತು. ರಾಜ್ಯ ಸಡಿಲ ಆಗ್ತಿರುವಾಗ ಮೀನಿನ ಬಗ್ಗೆ ಬರೆಯೋದು ಬೇಜವಾಬ್ದಾರಿ ಅಂತ ಇಬ್ಬರು. ಬರೆದಿದ್ದೇ ಉಳಿದಿದ್ದು, ರಾಜ್ಯ ಎಲ್ಲಿ ಅಂತ ಒಬ್ಬ.

ನಾಲ್ಕನೆಯವನು ಸುಮ್ಮನಿದ್ದ. ಅವನಿಗೆ ಮ್ಯಾಥ್ಸ್ ಬ್ಯಾಕ್ ಉಳಿದಿತ್ತು, ಮನೇಲಿ ಹೇಳಿರಲಿಲ್ಲ. ಅವನ ಅಪ್ಪ ತಾಲ್ಲೂಕಿಗೇ ಗೊತ್ತಿರೋ ಇಂಜಿನಿಯರು. ಕೊನೆಗೆ ಅವನೇ ಎರಡು ವಿಷಯ ಹುಡುಕಿ ತೋರಿಸಿದ. ಒಂದು, ಸೋಮೇಶ್ವರ ಅಪ್ಪನ ಬಗ್ಗೆಯೂ ವಿಕ್ರಮಾಂಕಾಭ್ಯುದಯ ಅಂತ ಗದ್ಯ ಕಾವ್ಯ ಬರೆದಿದ್ದ, ಅದು ಸಿಕ್ಕಿರೋದು ಅಪೂರ್ಣವಾಗಿ. ತನ್ನ ಖುಷಿಗಳ ಪುಸ್ತಕ ಮಾತ್ರ ನೂರೂ ಅಧ್ಯಾಯ ಮುಗಿದಿದೆ. ಎರಡು, ಆ ನೂರರಲ್ಲಿ ಮೊದಲ ನಲವತ್ತು ರಾಜ್ಯ ಪಡೆಯೋದು, ಉಳಿಸಿಕೊಳ್ಳೋದರ ಬಗ್ಗೆ. ಸುಳ್ಳು ಹೇಳಬಾರದು ಅನ್ನೋದು ಶುರುವಿನಲ್ಲೇ ಬರುತ್ತೆ. ಗಾಳ ಬರೋದು ಅದೆಲ್ಲ ಆದ ಮೇಲೆ.

ಅಷ್ಟು ಹೇಳಿ ಅವನು ಫೋನ್ ಹಿಡಿದುಕೊಂಡು ತೆಂಗಿನ ತೋಟದ ಕಡೆ ಹೋದ. ಅಪ್ಪನ ಹತ್ತಿರ ಏನು ಮಾತಾಡಿದ ಅಂತ ನಾವು ಕೇಳಲಿಲ್ಲ. ಅರ್ಧ ಗಂಟೆ ಆದ ಮೇಲೆ ಕಣ್ಣು ಒರೆಸಿಕೊಂಡು ಬಂದ, ಹೊಟ್ಟೆ ಹಸೀತಿದೆ ಅಂದ. ಬ್ಯಾಕ್ ಪೇಪರ್ ಬರೆದಾಗಿದೆ, ರಿಸಲ್ಟ್ ಇನ್ನೂ ಬಂದಿಲ್ಲ. ಪಾಸಾಗಲಿ ಬಿಡಲಿ, ಬೇಸಿಗೆ ರಜೆಗೆ ಮತ್ತೆ ಅರಳಗುಪ್ಪೆಗೆ ಹೋಗ್ತೀವಿ. ಈ ಸಲ ದಪ್ಪ ದಾರ ತಗೊಂಡು.