ವಿನ್‌ಸ್ಟನ್ ರಾಯ್ಸ್ ಬೇಡ ಅಂದಿದ್ದನ್ನೇ ಅವರ ಹೆಸರಲ್ಲಿ ಕಲಿಸಿದರು

ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠ ಓದಿದ ಯಾರನ್ನೇ ಕೇಳಿ, ವಿನ್‌ಸ್ಟನ್ ರಾಯ್ಸ್ ಅಂದ್ರೆ ವಾಟರ್‌ಫಾಲ್ ಮಾಡೆಲ್ ಕೊಟ್ಟವರು ಅಂತಾರೆ. ಮೊದಲು ಅಗತ್ಯಗಳ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡಿಂಗ್, ಕೊನೆಗೆ ಟೆಸ್ಟಿಂಗ್. ಒಂದು ಮೆಟ್ಟಿಲು ಇಳಿದ ಮೇಲೆ ವಾಪಸ್ ಹತ್ತೋ ಹಾಗಿಲ್ಲ. ನಾನು ಓದಿದ ಪಠ್ಯದಲ್ಲೂ ಹೀಗೇ ಇತ್ತು. ಆದರೆ ಅವರ ಮೂಲ ಲೇಖನ ಹೇಳೋದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧ.

1929ರಲ್ಲಿ ಹುಟ್ಟಿದ ರಾಯ್ಸ್ ಕ್ಯಾಲ್‌ಟೆಕ್‌ನಲ್ಲಿ ಭೌತಶಾಸ್ತ್ರ ಓದಿ, ವೈಮಾನಿಕ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಿದವರು. 1961ರಲ್ಲಿ ಟಿಆರ್‌ಡಬ್ಲ್ಯೂ ಕಂಪನಿ ಸೇರಿ ಬಾಹ್ಯಾಕಾಶ ನೌಕೆಗಳ ಸಾಫ್ಟ್‌ವೇರ್ ಯೋಜನೆಗಳಲ್ಲಿ ದುಡಿದರು. ಆ ಅನುಭವವನ್ನೆಲ್ಲ 1970ರ ಆಗಸ್ಟ್‌ನಲ್ಲಿ ವೆಸ್ಕಾನ್ ಸಮ್ಮೇಳನದ ಲೇಖನವೊಂದರಲ್ಲಿ ಬರೆದರು. ಅದರ ಎರಡನೇ ಚಿತ್ರವೇ ಆ ಪ್ರಸಿದ್ಧ ಮೆಟ್ಟಿಲು. ವಾಟರ್‌ಫಾಲ್ ಅನ್ನೋ ಪದ ಮಾತ್ರ ಎಲ್ಲೂ ಇಲ್ಲ. ಈ ಕ್ರಮವನ್ನು ಹೀಗೇ ಪಾಲಿಸಿದರೆ ಯೋಜನೆ ಮುಗ್ಗರಿಸೋ ಅಪಾಯವಿದೆ ಅಂತ ಚಿತ್ರದ ಬೆನ್ನಲ್ಲೇ ಎಚ್ಚರಿಸಿದ್ದಾರೆ. ಪ್ರೋಗ್ರಾಂ ನಿಜಕ್ಕೂ ಹೇಗೆ ಓಡುತ್ತೆ ಅಂತ ಗೊತ್ತಾಗೋದೇ ಕೊನೆಯ ಟೆಸ್ಟಿಂಗ್‌ನಲ್ಲಿ. ಅಲ್ಲಿ ಎಡವಿದರೆ ವಿನ್ಯಾಸವನ್ನೇ ಮತ್ತೆ ಮಾಡಬೇಕು, ವೆಚ್ಚವೋ ಅವಧಿಯೋ ದುಪ್ಪಟ್ಟಾಗಬಹುದು. ಅದಕ್ಕೇ 30 ತಿಂಗಳ ಕೆಲಸವಾದರೆ 10 ತಿಂಗಳಲ್ಲಿ ಒಂದು ಪ್ರಾಯೋಗಿಕ ಮಾದರಿ ಮಾಡಿ ನೋಡಿ, ಗ್ರಾಹಕರನ್ನು ಮೊದಲಿಂದಲೇ ಒಳಗೆ ಸೇರಿಸಿಕೊಳ್ಳಿ ಅಂದರು.

ಹಾಗಂತ ಅವರನ್ನು ಈಗಿನ ಅಜೈಲ್ ಪಂಥದ ಪೂರ್ವಜ ಅನ್ನೋದೂ ಸರಿಯಲ್ಲ. ದಾಖಲೆಗಳ ಮೇಲೆ ಅವರಿಗೆ ವಿಪರೀತ ಪ್ರೀತಿ. 50 ಲಕ್ಷ ಡಾಲರ್‌ನ ಸಾಫ್ಟ್‌ವೇರ್‌ಗೆ 1,500 ಪುಟಗಳ ವಿವರಣೆ ಬೇಕು ಅನ್ನೋದು ಅವರ ಲೆಕ್ಕ!

ಆದರೂ ದೊಡ್ಡ ಸಂಸ್ಥೆಗಳು ಚಿತ್ರ ಹಿಡಿದುಕೊಂಡು ಎಚ್ಚರಿಕೆಯನ್ನು ಬಿಟ್ಟಿದ್ದು ಯಾಕೆ? ನನಗನ್ನಿಸೋದು, ಮೆಟ್ಟಿಲು ಕ್ರಮ ಅಧಿಕಾರಶಾಹಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಹಂತಕ್ಕೊಂದು ಸಹಿ, ಸಹಿಗೊಂದು ಬಿಲ್. ಯೋಜನೆ ಕೆಟ್ಟರೆ, ಪಟ್ಟಿಗೆ ನೀವೇ ಒಪ್ಪಿದ್ದಿರಲ್ಲ ಅಂತ ಬಳಸೋ ಜನರ ತಲೆಗೇ ಕಟ್ಟಬಹುದು. ಅದೇ ದುಡ್ಡಲ್ಲಿ ಎರಡು ಸಲ ಮಾಡಿ ನೋಡ್ತೀವಿ ಅಂದರೆ ಯಾವ ಆಡಿಟರ್ ಒಪ್ತಾರೆ?

ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ತಂದ 2167 ಅನ್ನೋ ಮಾನದಂಡವನ್ನು ಗುತ್ತಿಗೆದಾರರು ಓದಿಕೊಂಡಿದ್ದು ಈ ಮೆಟ್ಟಿಲಿನ ಕಟ್ಟಳೆಯಾಗಿಯೇ. ಆ ಹೊತ್ತಿಗೆ ರಾಯ್ಸ್ ಲಾಕ್‌ಹೀಡ್‌ನಲ್ಲಿದ್ದರು. ಅವರ ಮಗ ವಾಕರ್ ರಾಯ್ಸ್ ಇದೇ ಕ್ಷೇತ್ರಕ್ಕೆ ಬಂದು, ಸಾಫ್ಟ್‌ವೇರನ್ನು ಸುತ್ತು ಸುತ್ತಾಗಿ ಕಟ್ಟೋ ಪದ್ಧತಿಯ ಪರ ವಾದಿಸಿದರು. 1994ರ ಕೊನೆಗೆ ಇಲಾಖೆ ಆ ಮಾನದಂಡ ಕೈಬಿಟ್ಟು, ಹಂತ ಹಂತವಾಗಿ ಕಟ್ಟೋದಕ್ಕೂ ಜಾಗ ಕೊಟ್ಟ ಹೊಸದನ್ನು ತಂದಿತು. ಮರುವರ್ಷ ಜೂನ್‌ನಲ್ಲಿ ರಾಯ್ಸ್ ತೀರಿಕೊಂಡರು.