ಶತಾಯುಷಿ ಸರ್ ಎಂ.ವಿ.: ಶಿಸ್ತೇ ಮೊದಲ ಮದ್ದು

ಚಿಕ್ಕಬಳ್ಳಾಪುರ: ಪೂರ್ವಕ್ಕೆ ಚಿಂತಾಮಣಿಯ ಅಂಬಾಜಿದುರ್ಗ, ಪಶ್ಚಿಮಕ್ಕೆ ನಂದಿದುರ್ಗ. ಈ ಬೆಟ್ಟಗಳ ಸೀಮೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ ನೂರು ವರ್ಷ ದಾಟಿ ಬಾಳಿದರು. ಅವರು ಕಟ್ಟಿಸಿದ ಅಣೆಕಟ್ಟುಗಳಂತೆಯೇ ಅವರು ಕಳೆದ ವೃದ್ಧಾಪ್ಯವೂ ಗಮನಾರ್ಹ.

ಎಳವೆಯಲ್ಲೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರದಲ್ಲಿ ಓದು ಆರಂಭಿಸಿ, 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು.

ದಿವಾನಗಿರಿ ತೊರೆದಾಗ ಅವರಿಗೆ ಅರವತ್ತು ಸಮೀಪಿಸಿತ್ತು. ಆದರೆ ದುಡಿಮೆ ಮುಂದೆಯೂ ನಾಲ್ಕು ದಶಕ ನಡೆಯಿತು. ದೇಶದ ಯೋಜಿತ ಅರ್ಥವ್ಯವಸ್ಥೆ ಕುರಿತ ಗ್ರಂಥವನ್ನು 1934ರಲ್ಲಿ, ಆತ್ಮಕಥನವನ್ನು 1951ರಲ್ಲಿ ಪ್ರಕಟಿಸಿದರು. ತೊಂಬತ್ತರ ಆಚೆಗೂ ಬಿಹಾರದ ಮೊಕಾಮಾ ಬಳಿ ಗಂಗಾನದಿ ಸೇತುವೆಗೆ ಸ್ಥಳ ಆಯ್ಕೆ ಮಾಡುವ ಸಮಿತಿಯ ಹೊಣೆ ಹೊತ್ತರು. 1955ರಲ್ಲಿ ಭಾರತರತ್ನ ಸಂದಿತು. 1960ರಲ್ಲಿ, ಅವರು ಬದುಕಿದ್ದಾಗಲೇ, ಅವರ ಶತಮಾನೋತ್ಸವದ ಅಂಚೆಚೀಟಿ ಹೊರಬಂದಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಈ ಆಯುಷ್ಯದ ಹಿಂದೆ ಯಾವುದೇ ಸಿದ್ಧೌಷಧದ ಕಥೆಯಿಲ್ಲ. ಮಿತಾಹಾರ, ನಡಿಗೆ, ವೇಳೆಗೆ ಸರಿಯಾದ ದಿನಚರಿ, ಪ್ರತಿಯೊಂದಕ್ಕೂ ಲೆಕ್ಕ: ಇವು ಅವರ ಬದುಕಿನ ಕ್ರಮ. ಅಷ್ಟು ದೀರ್ಘಾಯುಷ್ಯ ಎಲ್ಲರಿಗೂ ದಕ್ಕುವುದಿಲ್ಲ. ಆ ಲೆಕ್ಕಾಚಾರವನ್ನು ಮಾತ್ರ ಯಾರೂ ಅನುಸರಿಸಬಹುದು.

ಇಂದು ಅದರ ಅಗತ್ಯ ಹೆಚ್ಚು. ವಯಸ್ಸಾದಂತೆ ಮೂತ್ರಪಿಂಡಗಳ ಶಕ್ತಿ ಕುಗ್ಗಿ, ಹಲವು ಔಷಧಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ. ನಲವತ್ತರಲ್ಲಿ ಒಗ್ಗಿದ ಪ್ರಮಾಣ ಎಪ್ಪತ್ತೈದರಲ್ಲಿ ಅತಿಯಾದೀತು. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಈ ಜಿಲ್ಲೆಯಲ್ಲಿ ಕೀಲುನೋವಿನ ಹಿರಿಯರು ಅನೇಕರು. ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಮಾತ್ರೆ ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಹುದು, ರಕ್ತದೊತ್ತಡ ಏರಿಸಬಹುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ನಿದ್ರೆಮಾತ್ರೆಯಿಂದ ತೂಕಡಿಕೆ, ಬಿ.ಪಿ. ಮಾತ್ರೆ ಹೆಚ್ಚಾದರೆ ಎದ್ದು ನಿಂತಾಗ ತಲೆಸುತ್ತು. ಒಂದು ಬೀಳುವಿಕೆಯಿಂದ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರುಂಟು.

ಆದ್ದರಿಂದ ಸೇವಿಸುವ ಎಲ್ಲ ಮಾತ್ರೆ, ಲೇಹ್ಯ, ನಾಟಿಮದ್ದುಗಳ ಪಟ್ಟಿಯನ್ನು ಮನೆಯವರು ಬರೆದಿಟ್ಟು ವರ್ಷಕ್ಕೊಮ್ಮೆಯಾದರೂ ಒಬ್ಬ ವೈದ್ಯರಿಗೆ ತೋರಿಸುವುದು ಒಳಿತು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಅವರು ನಿರ್ಧರಿಸಲಿ. ತಾವಾಗಿ ನಿಲ್ಲಿಸುವುದೂ ಅಷ್ಟೇ ಅಪಾಯಕರ.