ವೀರಚಂದ ರಾಘವಜಿ ಗಾಂಧಿ: ತೀರ್ಥರಕ್ಷಣೆಗಾಗಿ ಕಾನೂನು ಓದಿದ ಶ್ರಾವಕ

ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಸಮ್ಮೇದ ಶಿಖರಜಿಗೆ ಯಾತ್ರೆ ಹೋಗಿ ಬಂದವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಸುಮಾರು 130 ವರ್ಷಗಳ ಹಿಂದೆ ಅದೇ ಪರ್ವತದಲ್ಲಿ ಹಂದಿ ಕೊಂದು ಕೊಬ್ಬು ತೆಗೆಯುವ ಕಾರ್ಖಾನೆ ನಡೆಯುವ ಸ್ಥಿತಿ ಬಂದಿತ್ತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅದನ್ನು ನ್ಯಾಯಾಲಯದ ಮೂಲಕ ತಡೆಯಲು ದುಡಿದವರು ವೀರಚಂದ ರಾಘವಜಿ ಗಾಂಧಿ. 1893ರಲ್ಲಿ ಚಿಕಾಗೋ ವಿಶ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿದ್ದವರೆಂದು ಅವರ ಹೆಸರನ್ನು ನಾವು ಕೇಳಿದ್ದೇವೆ. ಅವರು ಕಾನೂನಿನ ವಿದ್ಯಾರ್ಥಿಯೂ ಆಗಿದ್ದರು ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ವೀರಚಂದರು ಜನಿಸಿದ್ದು 1864ರ ಆಗಸ್ಟ್ 25ರಂದು, ಗುಜರಾತಿನ ಮಹುವಾ ಪಟ್ಟಣದಲ್ಲಿ. ತಂದೆ ರಾಘವಜಿ ರತ್ನದ ವ್ಯಾಪಾರಿ, ಶ್ವೇತಾಂಬರ ಸಂಪ್ರದಾಯದ ಶ್ರದ್ಧಾವಂತ ಶ್ರಾವಕರು. ಭಾವನಗರದಲ್ಲಿ ಶಾಲೆ ಮುಗಿಸಿದ ವೀರಚಂದರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಸೇರಿ 1884ರಲ್ಲಿ ಬಿ.ಎ. ಪದವಿ ಪಡೆದರು. ಜೈನ ಸಮಾಜದಲ್ಲಿ ಪದವೀಧರರು ಬೆರಳೆಣಿಕೆಯಷ್ಟಿದ್ದ ಕಾಲವದು. ಮರುವರ್ಷವೇ ಭಾರತ ಜೈನ ಅಸೋಸಿಯೇಷನ್ನಿನ ಗೌರವ ಕಾರ್ಯದರ್ಶಿಯ ಹೊಣೆ ಅವರ ಹೆಗಲಿಗೆ ಬಂತು. ಆಗ ಅವರ ವಯಸ್ಸು 21.

ಮೊದಲು ಎದುರಾದದ್ದು ಶತ್ರುಂಜಯದ ಸಮಸ್ಯೆ. ಪಾಲಿಟಾಣಾ ಸಂಸ್ಥಾನದ ಠಾಕೂರರು ಪ್ರತಿ ಯಾತ್ರಿಕರಿಂದಲೂ ಎರಡು ರೂಪಾಯಿ ತೆರಿಗೆ ವಸೂಲು ಮಾಡುತ್ತಿದ್ದರು. ಬಡ ಯಾತ್ರಿಕರಿಗೆ ಅದು ದೊಡ್ಡ ಹೊರೆ. ವೀರಚಂದರು ಮುಂಬಯಿ ಗವರ್ನರ್ ಲಾರ್ಡ್ ರೇ ಮತ್ತು ಕಾಠಿಯಾವಾಡದ ಬ್ರಿಟಿಷ್ ಅಧಿಕಾರಿ ಕರ್ನಲ್ ವಾಟ್ಸನ್ ಅವರ ಮುಂದೆ ಸಮಾಜದ ಅಹವಾಲನ್ನು ಮಂಡಿಸಿದರು. 1886ರಲ್ಲಿ ಒಪ್ಪಂದವಾಯಿತು. ತಲೆಗಂದಾಯ ನಿಂತು, ಅದರ ಬದಲು ಸಮಾಜವು ವರ್ಷಕ್ಕೆ 15,000 ರೂಪಾಯಿಯಂತೆ 40 ವರ್ಷ ಕೊಡುವುದೆಂದು ನಿಶ್ಚಯವಾಯಿತು. ನ್ಯಾಯ ನಮ್ಮ ಕಡೆ ಇದ್ದರಷ್ಟೇ ಸಾಲದು, ಅದನ್ನು ಅಧಿಕಾರಿಗಳಿಗೆ ಅರ್ಥವಾಗುವ ಭಾಷೆಯಲ್ಲಿ ಕಾಗದದ ಮೇಲೆ ತೋರಿಸಬೇಕು ಎಂಬುದು ಈ ಪ್ರಕರಣದ ಪಾಠವಾಗಿತ್ತು.

ಮುಂದೆ ವೀರಚಂದರು ಸಾಲಿಸಿಟರ್ ಪರೀಕ್ಷೆಗೆ ಓದಲು ಕುಳಿತರು. ಬ್ಯಾರಿಸ್ಟರ್ ನ್ಯಾಯಾಲಯದಲ್ಲಿ ವಾದ ಮಾಡಿದರೆ, ಸಾಲಿಸಿಟರ್ ದಾಖಲೆ, ಸಾಕ್ಷಿಗಳನ್ನು ಹೊಂದಿಸಿ ಮೊಕದ್ದಮೆಯನ್ನು ಸಿದ್ಧಪಡಿಸುತ್ತಾರೆ. 1891ರಲ್ಲಿ ಲಂಡನ್ನಿನಿಂದ ಹೊಸದಾಗಿ ಬ್ಯಾರಿಸ್ಟರ್ ಆಗಿ ಬಂದ ಮೋಹನದಾಸ ಗಾಂಧಿಯವರು ಮುಂಬಯಿಯಲ್ಲಿ ಭಾರತದ ಕಾನೂನನ್ನು ಅಭ್ಯಾಸ ಮಾಡುತ್ತಿದ್ದಾಗ ಇದೇ ವೀರಚಂದರ ಒಡನಾಟದಲ್ಲಿದ್ದರು. ಹೊಸ ಬ್ಯಾರಿಸ್ಟರಿಗೆ ಐದೇಳು ವರ್ಷ ಕೆಲಸ ಸಿಗದಿರುವುದು ಸಾಮಾನ್ಯವೆಂದೂ ಅದಕ್ಕಾಗಿಯೇ ತಾವು ಸಾಲಿಸಿಟರ್ ದಾರಿ ಹಿಡಿದದ್ದೆಂದೂ ವೀರಚಂದರು ಅವರಿಗೆ ಹೇಳಿದ್ದರು. ಫಿರೋಜ್ ಶಾ ಮೆಹತಾ ಅವರಿಗೆ ಸಾಕ್ಷ್ಯ ಅಧಿನಿಯಮ ಬಾಯಿಪಾಠವಿದೆ, ಅದರ 32ನೇ ಕಲಮಿನ ತೀರ್ಪುಗಳೆಲ್ಲ ಗೊತ್ತಿವೆ ಎಂದೂ ವರ್ಣಿಸುತ್ತಿದ್ದರು. ಇದನ್ನೆಲ್ಲ ಕೇಳಿ ತಮಗೆ ಇನ್ನಷ್ಟು ಅಧೈರ್ಯವಾಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಆ ಕಾಲದ ವಿದ್ಯಾರ್ಥಿಗಳು ಕಲಿಯುತ್ತಿದ್ದ ಅಪರಾಧ ಕಾನೂನಿನ ಬುನಾದಿ 1860ರ ಭಾರತೀಯ ದಂಡ ಸಂಹಿತೆ ಮತ್ತು 1872ರ ಸಾಕ್ಷ್ಯ ಅಧಿನಿಯಮ. ಅಪರಾಧವೆಂದರೆ ಸಾಮಾನ್ಯವಾಗಿ ಎರಡು ಅಂಶ ಸೇರಬೇಕು: ಕೆಟ್ಟ ಕೃತ್ಯ ಮತ್ತು ಅದರ ಹಿಂದಿನ ದುರುದ್ದೇಶ. ಆರೋಪ ಹೊರಿಸಿದವರೇ ಅದನ್ನು ರುಜುವಾತು ಮಾಡಬೇಕು. ಸಂಶಯ ಉಳಿದರೆ ಅದರ ಲಾಭ ಆರೋಪಿಗೆ. ಯಾರೋ ಹೇಳಿದ್ದನ್ನು ಕೇಳಿದೆ ಎಂಬ ಮಾತು ಸಾಕ್ಷಿಯಾಗದು. ಇದಕ್ಕಿರುವ ಅಪವಾದಗಳು 32ನೇ ಕಲಮಿನಲ್ಲಿದ್ದವು. ಮರಣಕಾಲದ ಹೇಳಿಕೆ ಅವುಗಳಲ್ಲಿ ಒಂದು.

ಜೈನ ಮನೆಯ ಮಕ್ಕಳಿಗೆ ಇವುಗಳಲ್ಲಿ ಮೊದಲನೆಯದು ಹೊಸದೆನಿಸದು. ಭಾವಹಿಂಸೆ, ದ್ರವ್ಯಹಿಂಸೆ ಎಂಬ ಭೇದವನ್ನು ನಾವು ಪಾಠಶಾಲೆಯಲ್ಲೇ ಕಲಿಯುತ್ತೇವೆ. ಆದರೆ ಒಂದು ವ್ಯತ್ಯಾಸವಿದೆ. ಮನಸ್ಸಿನಲ್ಲಿ ಮಾತ್ರ ಹುಟ್ಟಿದ ಕೆಟ್ಟ ಭಾವಕ್ಕೆ ನ್ಯಾಯಾಲಯ ಶಿಕ್ಷೆ ಕೊಡುವುದಿಲ್ಲ. ಕರ್ಮಬಂಧ ಮಾತ್ರ ತಪ್ಪುವುದಿಲ್ಲ.

ಓದಿದ್ದು ಪರೀಕ್ಷೆಗೆ ಬಂದದ್ದು ಶಿಖರಜಿಯ ವಿಷಯದಲ್ಲಿ. ಬೋಡಮ್ ಎಂಬ ಆಂಗ್ಲ ವ್ಯಕ್ತಿ ಪಾರಸನಾಥ ಪರ್ವತದಲ್ಲಿ ಹಂದಿ ಕೊಬ್ಬಿನ ಕಾರ್ಖಾನೆ ಆರಂಭಿಸಿದ. ಕೆಳಗಿನ ನ್ಯಾಯಾಲಯದಲ್ಲಿ ಜೈನರಿಗೆ ನ್ಯಾಯ ಸಿಗಲಿಲ್ಲ. ದೇಶದಾದ್ಯಂತ ಸಮಾಜ ತಳಮಳಗೊಂಡಿತು. ಆದರೆ ತಳಮಳವನ್ನು ನ್ಯಾಯಾಲಯ ಸಾಕ್ಷಿಯೆಂದು ಸ್ವೀಕರಿಸುವುದಿಲ್ಲ. ಪರ್ವತದ ಹಕ್ಕಿನ ಹಳೆಯ ದಾಖಲೆಗಳು ಬಂಗಾಳಿಯಲ್ಲಿದ್ದವು. ವೀರಚಂದರು ಕಲ್ಕತ್ತೆಗೆ ಹೋಗಿ ಸುಮಾರು ಆರು ತಿಂಗಳು ನಿಂತು, ಬಂಗಾಳಿ ಕಲಿತು, ಆ ಪತ್ರಗಳನ್ನು ತಾವೇ ಓದಿ ಮೇಲ್ಮನವಿಗೆ ಆಧಾರ ಒದಗಿಸಿದರು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕೊನೆಗೆ ತೀರ್ಪು ಜೈನರ ಪರವಾಯಿತು, ಕಾರ್ಖಾನೆ ಮುಚ್ಚಿತು. ಭಾಷಾಂತರಕಾರರ ಮೇಲೆ ಭಾರ ಹಾಕದೆ ಮೂಲದಾಖಲೆಯನ್ನೇ ಓದಬೇಕೆಂಬ ಹಟ ಅವರಲ್ಲಿತ್ತು.

1893ರ ಚಿಕಾಗೋ ಸಮ್ಮೇಳನಕ್ಕೆ ಆಚಾರ್ಯ ಆತ್ಮಾರಾಮಜಿ ಮಹಾರಾಜರಿಗೆ ಆಹ್ವಾನ ಬಂತು. ಮುನಿಗಳು ಸಮುದ್ರ ದಾಟುವಂತಿರಲಿಲ್ಲ. ಆಚಾರ್ಯರು ವೀರಚಂದರಿಗೆ ಧರ್ಮತತ್ತ್ವಗಳ ತರಬೇತಿ ನೀಡಿ ಕಳುಹಿಸಿದರು. ವಯಸ್ಸು ಇನ್ನೂ 29. ಸಮ್ಮೇಳನದಲ್ಲಿ ಪೆಂಟೆಕೋಸ್ಟ್ ಎಂಬ ಪಾದ್ರಿ ಹಿಂದೂ ದೇವಾಲಯಗಳ ಮೇಲೆ ಕಟುವಾದ ಆರೋಪ ಮಾಡಿದಾಗ ವೀರಚಂದರು ಎದ್ದು ಉತ್ತರ ಕೊಟ್ಟರು. ದೂಷಣೆ ಜೈನರ ಮೇಲಿರಲಿಲ್ಲ, ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಮತದ ಮೇಲಿನ ದೂಷಣೆಯೆಂದು ಅವರು ಸುಮ್ಮನೆ ಕೂರಲಿಲ್ಲ.

ಊರಿಗೆ ಮರಳಿದಾಗ, ಸಮುದ್ರ ದಾಟಿದ್ದಕ್ಕಾಗಿ ಅವರನ್ನು ಸಮಾಜದಿಂದ ಹೊರಗಿಡಬೇಕೆಂದು ಕೆಲವರು ಪಟ್ಟು ಹಿಡಿದರು. ತೀರ್ಥಗಳನ್ನು ಕಾಯ್ದವರೇ ಸಮಾಜದ ಮುಂದೆ ಆರೋಪಿಯಂತೆ ನಿಲ್ಲಬೇಕಾದದ್ದು ನೋವಿನ ಸಂಗತಿ. ಆತ್ಮಾರಾಮಜಿ ಮಹಾರಾಜರ ಬೆಂಬಲ ಅವರಿಗಿತ್ತು. ಅವರು ಮತ್ತೆ ಅಮೆರಿಕ, ಇಂಗ್ಲೆಂಡ್‌ಗಳಿಗೆ ಹೋಗಿ ಧರ್ಮಪ್ರಸಾರ ಮಾಡಿದರು. ದೇಶದಲ್ಲಿ ಬರ ಬಂದಾಗ ಅಲ್ಲಿಂದ ಧಾನ್ಯ, ಹಣ ಕಳುಹಿಸಿದರು. ಇಂಗ್ಲೆಂಡಿನಲ್ಲಿ ಕಾನೂನು ವ್ಯಾಸಂಗವನ್ನೂ ಮುಂದುವರಿಸಿದರು. ಆದರೆ ಆ ವಿದ್ಯೆಯಿಂದ ಸಂಪತ್ತು ಗಳಿಸುವ ಕಡೆ ಅವರ ಮನಸ್ಸು ಹರಿಯಲಿಲ್ಲ. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಿ, 1901ರ ಆಗಸ್ಟ್ 7ರಂದು, 37 ತುಂಬುವ ಮೊದಲೇ ದೇಹತ್ಯಾಗ ಮಾಡಿದರು.

ವೀರಚಂದರು ಓದಿದ ಆ ಎರಡು ಕಾನೂನುಗಳು ಈಗ ಬದಲಾಗಿವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಆರಾಧನಾ ಸ್ಥಳವನ್ನು ಅಪವಿತ್ರಗೊಳಿಸುವ ಅಪರಾಧ ಹಳೆಯ 295ನೇ ಕಲಮಿನಿಂದ ಹೊಸ 298ಕ್ಕೆ, ಹಳೆಯ 32ನೇ ಕಲಮಿನ ವಿಷಯ ಹೊಸ 26ಕ್ಕೆ ಬಂದಿದೆ. ಸಂಖ್ಯೆ ಬದಲಾದರೂ ರುಜುವಾತಿನ ಹೊಣೆ ಆರೋಪಿಸುವವರದೇ ಎಂಬ ತತ್ತ್ವ ಬದಲಾಗಿಲ್ಲ.

ನಮ್ಮ ಬಸದಿಗಳ ಶಾಸನ, ಜಮೀನಿನ ಪತ್ರ, ಹಳೆಯ ಲೆಕ್ಕಪುಸ್ತಕಗಳು ಎಷ್ಟೋ ಕಡೆ ಮೂಲೆಯ ಪೆಟ್ಟಿಗೆಗಳಲ್ಲಿವೆ. ಅವುಗಳನ್ನು ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. ಕಾನೂನು ಓದುತ್ತಿರುವ ನಮ್ಮ ಯುವಕ ಯುವತಿಯರು ರಜೆಯಲ್ಲಿ ಊರಿಗೆ ಬಂದಾಗ ಒಂದು ದಿನ ಆ ಪೆಟ್ಟಿಗೆ ತೆರೆದು, ಹಿರಿಯರ ಪಕ್ಕದಲ್ಲಿ ಕುಳಿತು ಓದಿಸಿಕೊಂಡು ಪಟ್ಟಿ ಮಾಡಿಟ್ಟರೆ, ವೀರಚಂದರನ್ನು ಸ್ಮರಿಸಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಬೇಡ.